ಕಾಂತಗೋಳದ ಕಣಗಳಿಗೆ, ಚಿತ್ತಪ್ಪನ ಕೀಲಿಕೈ ವಿಚಾರವಾಗಿ

ಜಗಳೂರು ತಾಲ್ಲೂಕು, ಜುಲೈ ೧೯೮೨

ಭೂಮಿಯನ್ನು ಸುತ್ತುವರಿದ ಕಾಂತಗೋಳದಲ್ಲಿ ಖಾಯಂ ಸಂಚಾರದಲ್ಲಿರುವ ವಿದ್ಯುದಾವಿಷ್ಟ ಕಣಗಳ ಸಮಸ್ತ ಬಳಗಕ್ಕೆ,

ಮಾನ್ಯರೇ,

ಬಿಳಿಚೋಡಿನಾಚೆಯ ನಮ್ಮ ಊರಿನ ಪರವಾಗಿ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮ ಸಮಾಚಾರವಂತೂ ನಾಲ್ಕು ದಿನಗಳಿಂದ ಪಂಚಾಯ್ತಿ ರೇಡಿಯೊದಲ್ಲಿ ಬಿಡುವಿಲ್ಲದೆ ಬಿತ್ತರವಾಗುತ್ತಿದೆ. ಶಾರ್ಟ್‌ವೇವಿನಲ್ಲಿ ದಿಲ್ಲಿ ವಾರ್ತೆ ಬರಬೇಕಾದ ಜಾಗದಲ್ಲಿ ಕಾದ ಬಾಣಲೆಗೆ ಸಾಸಿವೆ ಬಿದ್ದ ಸದ್ದು ಬಿಟ್ಟರೆ ಬೇರೇನಿಲ್ಲ.

ಹೈಸ್ಕೂಲಿನ ವಿಜ್ಞಾನದ ಮೇಷ್ಟರು ಅಂಜಿನಪ್ಪನವರು ತಮ್ಮ ನಡವಳಿಕೆಯನ್ನು ಪಂಚಾಯ್ತಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು. ಕಾಂತರೇಖೆಯ ಸುತ್ತ ಗಿರಗಿರ ತಿರುಗುತ್ತ ಉತ್ತರದ ತುದಿಯವರೆಗೆ ಹೋಗಿ, ಇನ್ನೇನು ಮುಟ್ಟಿದೆವು ಅನ್ನುವಷ್ಟರಲ್ಲಿ ಹೊರಳಿ ದಕ್ಷಿಣಕ್ಕೆ ಓಡುವ ತಮ್ಮ ಶಿಸ್ತು, ತಾಲ್ಲೂಕು ಕಚೇರಿಯ ಬಾಗಿಲವರೆಗೆ ಹೋಗಿ ಮರಳುವ ನಮ್ಮೂರಿನ ಅರ್ಜಿಗಳಿಗೆ ಹೊಸದಲ್ಲ. ವಿದ್ಯುತ್ ಕ್ಷೇತ್ರ ಒಂದು ದಿಕ್ಕಿಗೆ ನೂಕಿದರೆ ತಾವು ಅಡ್ಡಕ್ಕೆ ಸರಿಯುತ್ತೀರಂತೆ; ಹೋರಿ ಹಾಗೆ ಮಾಡಿದರೆ ನಾವು ಬಾರುಕೋಲು ಹುಡುಕುತ್ತೇವೆ, ತಾವು ಮಾಡಿದರೆ ಅದು ವಿಜ್ಞಾನ. ಅದಕ್ಕಿಂತ ಸೋಜಿಗವೆಂದರೆ, ಆ ನೂಕಿಗೆ ತಮ್ಮಲ್ಲಿಯ ಧನ ಪಕ್ಷದವರೂ ಋಣ ಪಕ್ಷದವರೂ ಒಂದೇ ಕಡೆಗೆ ಸರಿಯುತ್ತಾರಂತೆ. ನಮ್ಮ ಪಂಚಾಯ್ತಿಯ ಎರಡು ಪಾರ್ಟಿಯವರು ಹಾಗೆ ಸರಿಯುವುದು ಮಂಡಕ್ಕಿ ಮಿರ್ಚಿ ಬಂದಾಗ ಮಾತ್ರ.

ಸೂರ್ಯನ ಕಡೆಯ ಗಾಳಿ ಜೋರಾದಾಗ ಆ ವಿದ್ಯುತ್ ಕ್ಷೇತ್ರವೂ ಜೋರಾಗಿ ತಾವು ಭೂಮಿಯತ್ತ ನುಗ್ಗುತ್ತೀರಿ, ಶಾರ್ಟ್‌ವೇವನ್ನು ಪುಟಿಸಿ ಕಳಿಸುವ ಮೇಲಿನ ಪದರ ಕಲಕಿಹೋಗುತ್ತದೆ ಎಂದು ಮೇಷ್ಟರ ವಾದ. ಪಂಚಾಯ್ತಿಯ ತೀರ್ಮಾನ ಬೇರೆ. ರೇಡಿಯೊದ ಅರ್ಥಿಂಗ್ ತಂತಿ ಹೂತ ಗುಂಡಿಗೆ ದಿನಾ ಒಂದು ಕೊಡ ನೀರು ಹಾಕುವುದು ನಮ್ಮ ಪದ್ಧತಿ. ಹದಿನಾಲ್ಕು ವರ್ಷಗಳಿಂದ ರೇಡಿಯೊ ಕೋಣೆಯ ಕೀಲಿಕೈ ಇಟ್ಟುಕೊಂಡು ಈ ಕೆಲಸದಲ್ಲೇ ಹೊಟ್ಟೆ ಹೊರೆದವನು ಚಿತ್ತಪ್ಪ. "ನೀರು ಹಾಕಾಕೆ ಮೈಗಳ್ಳತನ ಮಾಡ್ಯಾನೆ, ಅದಕ್ಕೇ ಹಿಂಗಾಗೈತೆ," ಎಂದರು ಛೇರ್ಮನ್ ಬೀರಲಿಂಗಪ್ಪನವರು. ಚಿತ್ತಪ್ಪ ನಾಲ್ಕು ಕೊಡ ಸುರಿದ. ತಾವು ಇನ್ನಷ್ಟು ಸಿಡಿದಿರಿ. ಆ ನೀರನ್ನೆಲ್ಲ ಹೊತ್ತು ತಂದ ಅವನ ಹೆಂಡತಿ ಹುಲಿಗೆಮ್ಮ, "ಛೇರ್ಮನ್ರೇ, ಗುಂಡಿಯಾಗೆ ಎಮ್ಮೆ ಈಜಾಡಂಗಾಗೈತೆ, ಬಂದು ನೋಡ್ರಿ. ಇನ್ನೂ ಎಷ್ಟು ಹಾಕಾನ?" ಎಂದು ಕೇಳಿದಳು. ಉತ್ತರವಾಗಿ ನೋಟೀಸು ಬಂತು: ಸೋಮವಾರದೊಳಗೆ ರೇಡಿಯೊ ಮಾತಾಡದಿದ್ದರೆ ಕೀಲಿಕೈ ವಾಪಸು, ಕೆಲಸವೂ ಇಲ್ಲ.

ಆದಕಾರಣ ತಾವು ಸೋಮವಾರದ ಪಂಚಾಯ್ತಿ ಸಭೆಗೆ ಖುದ್ದಾಗಿ ದಯಮಾಡಿಸಿ, ಗದ್ದಲ ನಮ್ಮದು, ಚಿತ್ತಪ್ಪನದಲ್ಲ ಎಂದು ಹೆಬ್ಬೆಟ್ಟು ಒತ್ತಿ ಕೊಡಬೇಕಾಗಿ ವಿನಂತಿ. ಕೋಟಿಗಟ್ಟಲೆ ಬರುವುದು ಕಷ್ಟವಾದರೆ ಪಕ್ಷಕ್ಕೊಬ್ಬರು ಸಾಕು. ದಯವಿಟ್ಟು ನೇರ ಬನ್ನಿ. ಅಡ್ಡಕ್ಕೆ ಸರಿದರೆ ಹೊನ್ನಾಳಿ ಸೇರಿಬಿಡುತ್ತೀರಿ.

ವಾರ್ತೆಯಿಲ್ಲದೆಯೂ ತಮ್ಮ ವಿಶ್ವಾಸಿ,
ಯರ್ರಿಸ್ವಾಮಿ

ತಾ.ಕ.: ಪತ್ರ ಅಂಚೆಗೆ ಬೀಳುವ ಮೊದಲೇ ಸೋಮವಾರ ಬಂದು, ಕೀಲಿಕೈ ಛೇರ್ಮನ್ನರ ಭಾವಮೈದುನ ಸಣ್ಣಪ್ಪನ ಉಡಿದಾರ ಸೇರಿತು. ಅವನು ಗುಂಡಿಗೆ ಒಂದು ತಂಬಿಗೆ ನೀರು ಚಿಮುಕಿಸಿದ. ಅದೇ ಸಂಜೆ ತಾವು ತಣ್ಣಗಾದಿರಿ, ದಿಲ್ಲಿ ಗಂಟೆ ಹೊಡೆದಂತೆ ಮಾತಾಡಿತು, ಸಣ್ಣಪ್ಪನ ಕೊರಳಿಗೆ ಹಾರ ಬಿತ್ತು. ಆದ್ದರಿಂದ ಮೇಲಿನ ವಿನಂತಿ ರದ್ದು. ತಾವು ಸಪರಿವಾರ ಮತ್ತೆ ಬಂದು ಈ ಸಲ ಒಂದು ತಿಂಗಳಾದರೂ ತಂಗಬೇಕು. ನೀರು ಹೊರುವ ಸರದಿ ಈಗ ಛೇರ್ಮನ್ನರ ಮನೆಯವರದು.