ತುಕ್ಕು ತಂಡಕ್ಕೆ ನಾನು ಬರೆದ ಹಾಡುಗಳು

ಹಾಸ್ಯ ಬರೆಯುವವರಿಗೆ ಧೈರ್ಯ ಜಾಸ್ತಿ ಎಂದು ಜನ ನಂಬಿದ್ದಾರೆ. ನನ್ನ ಮಟ್ಟಿಗೆ ಇದು ಶುದ್ಧ ಸುಳ್ಳು. ಬಸ್ಸಿನಲ್ಲಿ ಯಾರಾದರೂ ನನ್ನ ಕಾಲು ತುಳಿದು ನಿಂತರೆ, ಅವರು ಇಳಿಯುವ ಸ್ಟಾಪಿನವರೆಗೂ ಕಾಯುವ ಜಾತಿ ನನ್ನದು. ಪುತ್ತೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಇಂಥ ನಾನು ಆಳುವವರನ್ನೇ ಅಣಕಿಸುವ ಒಂದು ಸಂಗೀತ ತಂಡಕ್ಕೆ ಹಾಡು ಬರೆಯುತ್ತಿದ್ದೆ. ತೆರೆಯ ಹಿಂದೆ ನಿಂತು, ಹೆಸರು ಹಾಕದೆ.

ತಂಡದ ಹೆಸರು 'ತುಕ್ಕು'. ಕಟ್ಟಿದವನು ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಕಲಿತ ವಸಂತ. ಪುತ್ತೂರಿನದೇ ದರ್ಬೆಯಲ್ಲಿ ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿ ಇಟ್ಟಿದ್ದ. ಕಾರ್ಖಾನೆಯ ಸದ್ದಿನಿಂದಲೇ ಹಾಡು ಕಟ್ಟುವ, ಸರ್ವಾಧಿಕಾರಿಯ ವೇಷ ಹಾಕಿ ಸರ್ವಾಧಿಕಾರಿಗಳನ್ನೇ ಗೇಲಿ ಮಾಡುವ ಪರದೇಶದ ತಂಡಗಳನ್ನು ಮೊಬೈಲಿನಲ್ಲಿ ನೋಡಿ ಅವನಿಗೆ ಹುಚ್ಚು ಹಿಡಿಯಿತು. "ಅವರಿಗೆ ಮೆಷಿನ್ ಬಾಡಿಗೆಗೆ ತರ್ಬೇಕು. ನನ್ನಲ್ಲಿ ದಿನಾ ಉಂಟಲ್ಲ ಮಾರಾಯ!" ಎಂದ. ಗ್ರೈಂಡರು, ಕಬ್ಬಿಣದ ಶೀಟು, ಡ್ರಮ್ಮುಗಳೇ ವಾದ್ಯಗಳಾದವು. ಅವನ ಹೆಂಡತಿ ಯಮುನಾ ಹೊಲಿಗೆಯವರು. ಇಲ್ಲದ ಒಂದು ಪಕ್ಷಕ್ಕೆ ಕಂದು ಬಣ್ಣದ ಬಾವುಟ, ಭುಜಕ್ಕೆ ಪಟ್ಟಿಯಿದ್ದ ಸಮವಸ್ತ್ರ ಹೊಲಿದುಕೊಟ್ಟರು. ಖಾಲಿ ಕುರ್ಚಿಗೆ ಹಾರ ಹಾಕಿ ಜೈಕಾರ ಕೂಗುವುದು ವಸಂತನ ಕೆಲಸ. ಜೈಕಾರ ಬರೆಯುವುದು ನನ್ನದು.

ಪುತ್ತೂರಿನ ಒಂದು ಸಭಾಭವನದಲ್ಲಿ ಮೊದಲ ಪ್ರದರ್ಶನ. "ಕುರ್ಚಿಯೇ ನಮ್ಮ ನಾಯಕ, ಅದು ಮಾತಾಡುವುದಿಲ್ಲ, ಆದ್ದರಿಂದ ಸುಳ್ಳೂ ಹೇಳುವುದಿಲ್ಲ" ಎಂದು ವಸಂತ ಗರ್ಜಿಸಿದಾಗ ಮುಂದಿನ ಸಾಲಿನ ಹಿರಿಯರೊಬ್ಬರು ಗಂಭೀರವಾಗಿ ಎದ್ದುನಿಂತು ಬಾವುಟಕ್ಕೆ ಕೈಮುಗಿದರು. ಮುಗಿದ ಮೇಲೆ ಒಬ್ಬರು ಒಳಗೆ ಬಂದು, "ಸುಳ್ಯದಲ್ಲಿ ನಿಮ್ಮ ಪಕ್ಷವನ್ನು ಯಾರು ನೋಡಿಕೊಳ್ಳುದು? ಯಾರೂ ಇಲ್ಲದಿದ್ದರೆ ನಾನು ರೆಡಿ ಇದ್ದೇನೆ" ಎಂದರು. ಆ ದಿನ ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಷ್ಟು ನಕ್ಕದ್ದು ಅದೇ ಕೊನೆ.

ವಾರದೊಳಗೆ ವೀಡಿಯೊ ಎಲ್ಲರ ಮೊಬೈಲಿನಲ್ಲಿತ್ತು. ಈ ಪಕ್ಷದವರು ಅಣಕಿಸಿದ್ದು ತಮ್ಮನ್ನೇ ಎಂದರು, ಆ ಪಕ್ಷದವರೂ ಹಾಗೆಯೇ ಎಂದರು. ನಮ್ಮ ಶಾಲೆಯ ಸಂಚಾಲಕರು ನನ್ನನ್ನು ಕರೆಸಿದರು. "ಮಾಷ್ಟ್ರೆ, ಇದು ನಿಮ್ಮ ಕನ್ನಡದ ಹಾಗೆ ಕಾಣ್ತದಲ್ಲ?"

"ಇಲ್ಲ ಸಾರ್, ನನ್ನ ಕನ್ನಡ ಇಷ್ಟು ಕೆಟ್ಟದಾಗಿಲ್ಲ" ಎಂದೆ. ಸಾಲದೆಂಬಂತೆ, ಆ ತಂಡಕ್ಕೂ ನನಗೂ ಸಂಬಂಧವಿಲ್ಲ, ಅದರ ಅಭಿರುಚಿಯನ್ನು ಖಂಡಿಸುತ್ತೇನೆ ಎಂದು ಒಂದು ಪುಟ ಬರೆದು ಸಹಿ ಹಾಕಿದೆ. ನಾನು ಅಷ್ಟು ಲಕ್ಷಣವಾಗಿ ಬರೆದದ್ದು ಬೇರೆ ಯಾವುದೂ ಇಲ್ಲ.

ಆ ಕಾಗದ ಯಾರದೋ ಕೈಯಿಂದ ವಸಂತನ ಕೈಗೂ ಹೋಯಿತು. ಅವನು ನನಗೆ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಯಾರೋ ದೂರು ಕೊಟ್ಟು, ಪೊಲೀಸರು ಅವನನ್ನು ಠಾಣೆಗೆ ಕರೆಸಿ, "ಇದನ್ನೆಲ್ಲ ಬರೆದದ್ದು ಯಾರು?" ಎಂದು ಕೇಳಿದಾಗ "ನಾನೇ" ಎಂದನಂತೆ. ತನ್ನ ಹೆಸರಿನ ಒತ್ತಕ್ಷರವಿಲ್ಲದ ಮೂರು ಅಕ್ಷರವನ್ನೂ ತಪ್ಪಿಲ್ಲದೆ ಬರೆಯಲು ಒದ್ದಾಡುತ್ತಿದ್ದವನು! ಗೇಟು ಮಾಡಿಸುವವರು ಬೇರೆ ಅಂಗಡಿ ಹಿಡಿದರು, ಕಟ್ಟಡದ ಮಾಲೀಕರು ಅಂಗಡಿ ಖಾಲಿ ಮಾಡಿಸಿದರು. ಗಂಡ ಹೆಂಡತಿ ನೆಟ್ಟಣದ ಹತ್ತಿರ ಯಮುನಾ ಅವರ ಊರಿಗೆ ಹೋದರು.

ಎರಡು ವರ್ಷ ಬಿಟ್ಟು, ಕಳೆದ ತಿಂಗಳು, ನಾನು ಹೋದೆ. ಕ್ಷಮೆ ಕೇಳಲೆಂದೇ ಹೋದದ್ದು. ಬಸ್ಸಿನಲ್ಲಿ ವಾಕ್ಯವನ್ನು ನಾಲ್ಕು ಸಲ ತಿದ್ದಿದ್ದೆ. ವಸಂತ ಅಂಗಳದಲ್ಲಿ ಕೂತು ಒಂದು ಹಳೆಯ ಕತ್ತಿಗೆ ಹಿಡಿ ಕೂರಿಸುತ್ತಿದ್ದ. ನನ್ನನ್ನು ನೋಡಿದ್ದೇ ಮುಖವರಳಿಸಿ ಸ್ಟೂಲು ಎಳೆದುಕೊಟ್ಟ. ಯಮುನಾ ಶರಬತ್ತು ತಂದಿಟ್ಟು, "ಅವರಿಗೆ ಕಿವಿ ಕೇಳುದಿಲ್ಲ ಮಾಷ್ಟ್ರೆ, ಆ ಕಬ್ಬಿಣದ ಸದ್ದಿನಿಂದ ಅಂತೆ. ಜೋರಾಗಿ ಹೇಳಿದ್ರೆ ಸ್ವಲ್ಪ ಗೊತ್ತಾಗ್ತದೆ" ಎಂದರು.

ನಾನು ಅವನ ಪಕ್ಕ ಬಾಗಿ ಹೇಳಿದೆ: "ವಸಂತ, ನನ್ನಿಂದ ತಪ್ಪಾಯ್ತು."

"ಎಂತ?"

"ತಪ್ಪಾಯ್ತು ಮಾರಾಯ. ಕ್ಷಮಿಸು."

"ಕೇಳುದಿಲ್ಲ ನನಗೆ. ಬೊಬ್ಬೆ ಹಾಕಿ ಹೇಳು!"

ಬೇಲಿಯಾಚೆ ಹುಲ್ಲು ಕೊಯ್ಯುತ್ತಿದ್ದ ಇಬ್ಬರು ಕೈ ನಿಲ್ಲಿಸಿ ಈ ಕಡೆ ನೋಡಿದರು. ನಾನು ಎದೆ ತುಂಬ ಉಸಿರೆಳೆದುಕೊಂಡೆ.

"ಊಟ ಆಯ್ತಾ ಅಂತ ಕೇಳಿದೆ!" ಇಡೀ ಓಣಿಗೆ ಕೇಳುವ ಹಾಗೆ ಕೂಗಿದೆ.

"ಆಯ್ತು, ಆಯ್ತು" ಎಂದು ವಸಂತ ಖುಷಿಯಿಂದ ತಲೆಯಾಡಿಸಿದ. "ನಿನ್ನದು?"

ಯಮುನಾ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಅವರ ಕಿವಿ ಚೆನ್ನಾಗಿಯೇ ಕೇಳುತ್ತದೆ.