ಪುಟ್ಟಮಾದಮ್ಮನ ಇಪ್ಪತ್ತೆರಡು ಸುಳ್ಳು ದೂರುಗಳು

೧೯೫೭ನೇ ಇಸವಿಯಲ್ಲಿ ಅರಳಿಕೊಪ್ಪಲಿನಲ್ಲಿ ಅಸ್ಪೃಶ್ಯತೆ ಇರಲಿಲ್ಲ. ಅದನ್ನು ಶಿಕ್ಷಾರ್ಹ ಅಪರಾಧವೆಂದು ಕಾನೂನು ಮಾಡಿ ಆಗಲೇ ಎರಡು ವರ್ಷವಾಗಿತ್ತು. ಆ ವಿಷಯ ತಿಳಿಸುವ ಅಚ್ಚಿನ ಹಾಳೆಯೊಂದನ್ನು ಊರಿನ ಶ್ರೀ ಗೌರಿ ಮಹಿಳಾ ಸಮಾಜದ ಒಳಗೋಡೆಗೆ ಅಂಟಿಸಲಾಗಿತ್ತು. ಹೊರಗೋಡೆಗೆ ಅಂಟಿಸಿದರೆ ಮಳೆಗೆ ಕಿತ್ತುಹೋಗುತ್ತದೆ. ಒಳಗೋಡೆಯಲ್ಲಿದ್ದುದರಿಂದ ಕೇರಿಯವರು ಅದನ್ನು ನೋಡುವಂತಿರಲಿಲ್ಲ, ಅವರಿಗೆ ಒಳಗೆ ಪ್ರವೇಶವಿರಲಿಲ್ಲ. ಆದರೆ ಹಾಳೆ ಸುಸ್ಥಿತಿಯಲ್ಲಿತ್ತು.

ಅರಳಿಕೊಪ್ಪಲು ಭೇರ್ಯದಿಂದ ಎರಡು ಮೈಲಿ. ಮಹಿಳಾ ಸಮಾಜ ನಡೆಯುತ್ತಿದ್ದುದು ಸರ್ಕಾರದ ಅನುದಾನದಲ್ಲಿ. ಅನುದಾನದಲ್ಲಿ ಬಂದದ್ದು ಒಂದು ಹೊಲಿಗೆ ಯಂತ್ರ, ಎರಡು ಬೆಂಚು, ಒಂದು ಗೋಡೆ ಗಡಿಯಾರ. ಗಡಿಯಾರ ಅಧ್ಯಕ್ಷೆ ಸುಂದ್ರಮ್ಮನವರ ಮನೆಯಲ್ಲಿ ಸುರಕ್ಷಿತವಾಗಿತ್ತು. ಸುಂದ್ರಮ್ಮ ಪಟೇಲರ ಹೆಂಡತಿ. ಕಾರ್ಯದರ್ಶಿಯೂ ಹೊಲಿಗೆ ಉಪಾಧ್ಯಾಯಿನಿಯೂ ಶಿವರುದ್ರಮ್ಮ, ಮೈಸೂರಿನಲ್ಲಿ ಒಂದು ವರ್ಷ ತರಬೇತಿ ಪಡೆದು ಬಂದವರು, ಊರಿನಲ್ಲಿ ಓದುಬರಹ ಬಲ್ಲ ಏಕೈಕ ಹೆಂಗಸು. ಆರು ತಿಂಗಳ ಹೊಲಿಗೆ ತರಗತಿಗೆ ಐವರು ಸದಸ್ಯೆಯರು ಬರುತ್ತಿದ್ದರು. ಎಲೆ ಅಡಿಕೆ ಹಾಕಿಕೊಳ್ಳಲು ಅದು ಒಳ್ಳೆಯ ಜಾಗ.

ಪುಟ್ಟಮಾದಮ್ಮನೂ ಬರುತ್ತಿದ್ದಳು. ಜಗಲಿಯ ಕೆಳಗೆ, ಮೂರನೇ ಮೆಟ್ಟಿಲಿನ ಪಕ್ಕ ನಿಂತು ಕಿಟಕಿಯಿಂದ ನೋಡುತ್ತಿದ್ದಳು. ರಿಜಿಸ್ಟರಿನಲ್ಲಿ ಅವಳ ಹೆಸರು ಆರನೆಯದಾಗಿತ್ತು. ಹರಿಜನ ಸದಸ್ಯೆ ಒಬ್ಬಳಾದರೂ ಇರದಿದ್ದರೆ ಅನುದಾನ ಬರುವುದಿಲ್ಲ. ಅವಳು ಒಳಗೆ ಬರಬೇಕೆಂದು ಯಾವ ಸುತ್ತೋಲೆಯೂ ಹೇಳಿರಲಿಲ್ಲ.

ಅವಳಿಗೆ ಹೊಲಿಗೆ ಬೇಕಾಗಿತ್ತು. ಹಿಂದಿನ ಸುಗ್ಗಿಯಲ್ಲಿ ಗಂಡ ಚಿಕ್ಕಮಾದುವಿನ ಬಲಗೈ ಕಬ್ಬಿನ ಗಾಣಕ್ಕೆ ಸಿಕ್ಕಿ ಮೂರು ಬೆರಳು ಹೋಗಿದ್ದವು. ತರಗತಿ ಮುಗಿಸಿ ಸರ್ಟಿಫಿಕೇಟು ಪಡೆದವರಿಗೆ ಬ್ಲಾಕ್ ಅಭಿವೃದ್ಧಿ ಕಚೇರಿಯವರು ಒಂದು ಮಿಷನ್ನು ಕೊಡಿಸುತ್ತಾರೆಂಬ ಮಾತಿತ್ತು. ಗಿರಾಕಿಗಳಿಗೆ ಬರವಿರಲಿಲ್ಲ. ಭೇರ್ಯದ ದರ್ಜಿ ಕೇರಿಯ ಹೆಂಗಸರಿಗೆ ಟೇಪು ಮುಟ್ಟಿಸುತ್ತಿರಲಿಲ್ಲ. ರಸ್ತೆಯಾಚೆ ನಿಲ್ಲಿಸಿ, ಕಣ್ಣಳತೆಯಲ್ಲಿ ಅಂದಾಜು ಮಾಡಿ ಹೊಲಿಯುತ್ತಿದ್ದ. ಅವನ ಕಣ್ಣಿಗೆ ಕೇರಿಯ ಹೆಂಗಸರೆಲ್ಲ ದಪ್ಪಗೆ ಕಾಣುತ್ತಿದ್ದರು. ಹೊಟ್ಟೆಗಿಲ್ಲದ ಆ ಹೆಂಗಸರು ಇಬ್ಬರು ಹಿಡಿಯುವಂಥ ಕುಬುಸ ತೊಟ್ಟು ಕಳೆ ಕೀಳಲು ಹೋಗುತ್ತಿದ್ದರು.

ಒಂದು ದಿನ ಪುಟ್ಟಮಾದಮ್ಮ ಕಿಟಕಿಯಿಂದಲೇ ಕೇಳಿದಳು: "ಅವ್ವಾರೆ, ನಾನು ಒಂದು ಗಳಿಗೆ ಒಳೀಕೆ ಬಂದು ಆ ಮಿಷನ್ನು ತುಳೀಲಾ?"

ಶಿವರುದ್ರಮ್ಮ ಗೋಡೆಯ ಹಾಳೆಯನ್ನು ನೋಡಿದರು. "ತುಳೀಬಹುದು ಕಣೇ ಮಾದಿ, ಕಾನೂನೇ ಐತೆ."

"ಅಂಗಾರೆ ಬರ್ಲಾ?"

"ಬರಬ್ಯಾಡ."

"ಯಾಕವ್ವಾರೆ?"

"ಅದಕ್ಕೆ ಕಾನೂನು ಇಲ್ಲ. ಆದ್ರೂ ಬರಬ್ಯಾಡ. ಬೇಕಾದ್ರೆ ದೂರು ಕೊಡು."

ಇದನ್ನು ಶಿವರುದ್ರಮ್ಮ ಸಿಟ್ಟಿನಿಂದ ಹೇಳಲಿಲ್ಲ. ಹಾಳೆಯ ಕೊನೆಯಲ್ಲಿ ಹಾಗೆ ಅಚ್ಚಾಗಿತ್ತು.

ದೂರುಗಳಿಗೆಂದೇ ಹುಣಸೂರಿನಲ್ಲಿ ಒಂದು ಕಚೇರಿ ತೆರೆದಿತ್ತು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಿಗೆ ತಾರತಮ್ಯ ನಿವಾರಣಾ ವಿಚಾರಣಾಧಿಕಾರಿಯಾಗಿ ಷಣ್ಮುಖಪ್ಪನವರು ನೇಮಕವಾಗಿ ಹತ್ತು ತಿಂಗಳಾಗಿತ್ತು. ಅವರಿಗೆ ಒಂದು ಜೀಪು, ಒಬ್ಬ ಡ್ರೈವರ್, ಒಂದು ಮೊಹರು ಇದ್ದವು. ದೂರು ಮಾತ್ರ ಇರಲಿಲ್ಲ. ನಾಲ್ಕು ತಾಲ್ಲೂಕುಗಳಲ್ಲೂ ತಾರತಮ್ಯ ಎಷ್ಟು ಸುಸೂತ್ರವಾಗಿ ನಡೆಯುತ್ತಿತ್ತೆಂದರೆ ದೂರು ಕೊಡುವ ಧೈರ್ಯ ಯಾರಿಗೂ ಇರಲಿಲ್ಲ. ತಿಂಗಳ ವರದಿಯಲ್ಲಿ ಇದನ್ನು ಸೌಹಾರ್ದವೆಂದು ಬರೆಯಲಾಗುತ್ತಿತ್ತು. ಸೌಹಾರ್ದ ಹೀಗೇ ಮುಂದುವರಿದರೆ ಜೀಪು ವಾಪಸು ಪಡೆಯಲಾಗುವುದೆಂದು ಮೇಲಿನಿಂದ ಕಾಗದ ಬಂದಿತ್ತು.

ವಿಚಾರಣೆಯ ನಿಯಮಗಳು ಸ್ಪಷ್ಟವಾಗಿದ್ದವು. ದೂರುದಾರರು ನಿರಕ್ಷರರಾಗಿದ್ದಲ್ಲಿ ದೂರನ್ನು ಸಂಬಂಧಪಟ್ಟ ಸಂಸ್ಥೆಯ ಕಾರ್ಯದರ್ಶಿಯೇ ಬರೆದುಕೊಡತಕ್ಕದ್ದು. ದೂರು ತಲುಪಿದ ಏಳು ದಿನದೊಳಗೆ ಅಧಿಕಾರಿಯು ಸ್ಥಳಕ್ಕೆ ಹೋಗತಕ್ಕದ್ದು. ಹೋಗುವ ದಿನವನ್ನು, ಉಭಯ ಪಕ್ಷದವರೂ ಸಿದ್ಧರಾಗಿರಲೆಂದು, ಮೂರು ದಿನ ಮುಂಚೆ ತಿಳಿಸತಕ್ಕದ್ದು. ಅಧಿಕಾರಿಯು ಕಣ್ಣಾರೆ ಕಂಡದ್ದನ್ನು ಮಾತ್ರ ನಂಬತಕ್ಕದ್ದು.

ಹೀಗಾಗಿ ಪುಟ್ಟಮಾದಮ್ಮ ಮೆಟ್ಟಿಲ ಕೆಳಗೆ ನಿಂತು ಹೇಳಿದಳು, ಶಿವರುದ್ರಮ್ಮ ಜಗಲಿಯ ಮೇಲೆ ಕೂತು ಬರೆದರು.

"ಕಾರ್ಯದರ್ಶಿ ಅವ್ವಾರು ನನ್ನ ಒಳೀಕೆ ಬುಡಾಕಿಲ್ಲ ಅಂತ ಬರೀರಿ ಅವ್ವಾರೆ."

"ಬರ್ದೆ. ಮುಂದಕ್ಕೆ ಹೇಳು."

"ಮಿಷನ್ನು ಮುಟ್ಟಿಸಾಕಿಲ್ಲ."

"ನೇರ ಹೊಲಿಗೆ ಹೇಳಿಕೊಡೋದಿಲ್ಲ ಅಂತಲೂ ಸೇರಿಸ್ಲಾ? ಅದೇ ಮೊದಲನೇ ಪಾಠ."

"ಸೇರಿಸಿ. ನಿಮ್ಗೆ ಬ್ಯಾಸರ ಇಲ್ವಾ?"

"ಬ್ಯಾಸರ ಯಾಕೆ? ನಿಜ ತಾನೆ," ಎಂದು ಶಿವರುದ್ರಮ್ಮ, ಅವಳು ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಳ್ಳಲೆಂದು ಡಬ್ಬಿಯನ್ನು ಮೆಟ್ಟಿಲ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

ಗುರುವಾರ ಜೀಪು ಬರುವ ಹೊತ್ತಿಗೆ ಸಮಾಜ ಸಿದ್ಧವಾಗಿತ್ತು. ಪುಟ್ಟಮಾದಮ್ಮನನ್ನು ಬೆಳಿಗ್ಗೆಯೇ ಕರೆಸಿ, ಒಳಗೆ ಕರೆತಂದು, ಯಂತ್ರದ ಮುಂದೆ ಕೂರಿಸಿದ್ದರು. ಸುಂದ್ರಮ್ಮನವರು ಮೂಗಿಗೆ ಸೆರಗು ಹಿಡಿದು ಪಕ್ಕದ ಬೆಂಚಿನಲ್ಲಿದ್ದರು. ಶಿವರುದ್ರಮ್ಮ ನೇರ ಹೊಲಿಗೆ ಹೇಳಿಕೊಡುತ್ತಿದ್ದರು. ಷಣ್ಮುಖಪ್ಪನವರು ಮೂರು ಗಂಟೆ ಕೂತು ನೋಡಿದರು, ನಂತರ ಪಟೇಲರ ಮನೆಯಲ್ಲಿ ಊಟ ಮಾಡಿ ವರದಿ ಬರೆದರು: "ದೂರುದಾರಳು ಒಳಗೆ ಕುಳಿತು ಯಂತ್ರ ತುಳಿಯುತ್ತಿರುವುದನ್ನು ಕಣ್ಣಾರೆ ಕಂಡಿರುತ್ತೇನೆ. ತನ್ನನ್ನು ಒಳಗೆ ಬಿಡುತ್ತಿಲ್ಲವೆಂಬ ಆಕೆಯ ದೂರು ಸುಳ್ಳಾಗಿರುತ್ತದೆ. ಸಂಸ್ಥೆಯು ನಿರ್ದೋಷಿ."

ಜೀಪು ಹೊರಟ ಮೇಲೆ ಪುಟ್ಟಮಾದಮ್ಮನೂ ಹೊರಟಳು. ಅವಳ ಹಿಂದೆಯೇ ಸುಂದ್ರಮ್ಮನವರು ಅರಿಸಿನದ ನೀರು, ಗಂಜಲ ತರಿಸಿ ನೆಲ, ಬೆಂಚು ಮತ್ತು ಯಂತ್ರಕ್ಕೆ ಧಾರಾಳವಾಗಿ ಚಿಮುಕಿಸಿದರು.

ಮರುದಿನ ಬೆಳಿಗ್ಗೆ ಚಿಕ್ಕಮಾದು ತನ್ನ ಮನೆಯ ಜಗಲಿಯಲ್ಲಿ ಕೂತು ಬೇಸರಪಟ್ಟ. "ಸುಳ್ಳಿ ಅಂತ ಬರ್ಕೊಂಡು ಹೋದ್ನಂತಲ್ಲಮ್ಮಿ. ಊರೆಲ್ಲಾ ಆಡ್ಕೋತಾವ್ರೆ. ಬೇಕಿತ್ತಾ ನಿಂಗೆ ಇದು?"

ಪುಟ್ಟಮಾದಮ್ಮ ರಾಗಿ ಕೇರುತ್ತಿದ್ದಳು. "ನೇರ ಹೊಲ್ಗೆ ಬಂತು ಕಣ."

"ಏನಂದೆ?"

"ಮೂರು ಗಂಟೆ ತುಳ್ದೆ. ನೇರ ಹೊಲ್ಗೆ ಕಲ್ತೆ. ಇನ್ನು ಇಪ್ಪತ್ತೊಂದು ಪಾಠ ಅದಂತೆ."

ಚಿಕ್ಕಮಾದು ಉಳಿದ ಬೆರಳುಗಳಲ್ಲಿ ಎಣಿಸಿ ನೋಡಿದ. "ಅಂಗಂದ್ರೆ ಇನ್ನು ಇಪ್ಪತ್ತೊಂದು ಸುಳ್ಳಾ?"

"ಒಂದೂ ಸುಳ್ಳಲ್ಲ. ಕೊಡೋವಾಗ ಎಲ್ಲಾ ನಿಜವೇ. ಅವರು ಬಂದು ನೋಡೋವಾಗ ಸುಳ್ಳಾಯ್ತದೆ."

ಎರಡನೇ ದೂರು ಕೊಡುವಾಗ ಒಂದು ತೊಡಕು ಬಂತು. ಒಮ್ಮೆ ಇತ್ಯರ್ಥವಾದ ವಿಷಯದ ಮೇಲೆ ಮತ್ತೆ ದೂರು ಕೊಟ್ಟವರ ಮೇಲೆ ಮೊಕದ್ದಮೆ ಹೂಡತಕ್ಕದ್ದೆಂದು ನಿಯಮವಿತ್ತು. ಶಿವರುದ್ರಮ್ಮ ಪಾಠದ ಪುಸ್ತಕ ತೆಗೆದು ನೋಡಿದರು. "ಈ ಸಲ ಗುಂಡಿಗೆ ಕಾಜಾ ಹಾಕೋದು ಹೇಳಿಕೊಡೋದಿಲ್ಲ ಅಂತ ಕೊಡು. ಅದು ಬ್ಯಾರೆ ವಿಷಯ."

"ಅದು ಕಲ್ತ ಮ್ಯಾಲೆ?"

"ತೋಳು ಕೂರಿಸೋದು. ಅದರ ಮೇಲೆ ಕಂಕುಳ ಪಟ್ಟಿ." ಶಿವರುದ್ರಮ್ಮ ಒಳಗೆ ಎಲೆ ಅಡಿಕೆ ಜಗಿಯುತ್ತಿದ್ದ ಐವರನ್ನು ಒಮ್ಮೆ ನೋಡಿ ದನಿ ತಗ್ಗಿಸಿದರು. "ಅವರಿಗೆ ಒಂದು ತಿಂಗಳಿಂದ ಹೇಳ್ತಿದೀನಿ, ಸೂಜಿಗೆ ದಾರ ಪೋಣಿಸೋಕೆ ಬರಲಿಲ್ಲ."

ಹೀಗೆ ಪ್ರತಿ ಗುರುವಾರ ಜೀಪು ಬಂತು. ಪ್ರತಿ ಗುರುವಾರ ಒಂದು ಪಾಠವಾಯಿತು, ಒಂದು ದೂರು ಸುಳ್ಳಾಯಿತು. ಯಾರಿಗೂ ನಷ್ಟವಾಗಲಿಲ್ಲ. ಷಣ್ಮುಖಪ್ಪನವರ ಜೀಪು ಉಳಿಯಿತು. ಮಹಿಳಾ ಸಮಾಜದ ಕಡತದಲ್ಲಿ ನಿರ್ದೋಷಿಯೆಂಬ ವರದಿಗಳು ಎಷ್ಟು ಸೇರಿದವೆಂದರೆ, ದೂರೇ ಬಾರದ ಇತರ ಸಂಸ್ಥೆಗಳಿಗೆ ತಮ್ಮ ನಿರ್ದೋಷಿತ್ವದ ಬಗ್ಗೆ ಒಂದು ದಾಖಲೆಯೂ ಇಲ್ಲವಲ್ಲ ಎಂದು ಮುಜುಗರವಾಯಿತು. ಪಿರಿಯಾಪಟ್ಟಣದ ಕಡೆಯ ಒಂದು ಸಂಘದವರು, ದೂರು ಕೊಡಲು ಪುಟ್ಟಮಾದಮ್ಮನನ್ನು ಎರಡು ದಿನದ ಮಟ್ಟಿಗೆ ಎರವಲು ಕಳಿಸಬೇಕೆಂದು ಪತ್ರ ಬರೆದರು. ಬಿಡುವಿಲ್ಲವೆಂದು ಅವಳು ಹೇಳಿಕಳಿಸಿದಳು.

ಇಪ್ಪತ್ತೆರಡನೇ ದೂರು, ಪೂರ್ತಿ ರವಿಕೆ ಕತ್ತರಿಸಿ ಹೊಲಿಯಲು ಬಿಡುತ್ತಿಲ್ಲವೆಂಬುದು, ಆಷಾಢದಲ್ಲಿ ಸುಳ್ಳಾಯಿತು. ಪುಟ್ಟಮಾದಮ್ಮ ಷಣ್ಮುಖಪ್ಪನವರ ಕಣ್ಣೆದುರಿಗೇ ಪೂರ್ತಿ ರವಿಕೆ ಹೊಲಿದು, ಮಡಚಿ, ಮೇಜಿನ ಮೇಲಿಟ್ಟು, ಕೈಮುಗಿದಳು.

"ಬುದ್ಧಿ, ಪಾಠ ಮುಗೀತು. ಸಲ್ಟಿಪಿಕೇಟು ಕೊಟ್ರೆ ಮಿಷನ್ನಿಗೆ ಅರ್ಜಿ ಹಾಕ್ಕೋತೀನಿ."

ಷಣ್ಮುಖಪ್ಪನವರು ರಿಜಿಸ್ಟರ್ ತರಿಸಿದರು. ಇಪ್ಪತ್ತೆರಡು ದಿನ ಹಾಜರಿ ಇತ್ತು, ಆದರೆ ಇಪ್ಪತ್ತೆರಡರಲ್ಲೂ ಅವಳ ಹೆಸರಿನ ಮುಂದೆ 'ದೂರುದಾರಳು' ಎಂದಿತ್ತು. 'ವಿದ್ಯಾರ್ಥಿನಿ' ಎಂದು ಒಂದು ದಿನವೂ ಇರಲಿಲ್ಲ.

"ನೋಡಮ್ಮ, ಸರ್ಟಿಫಿಕೇಟು ಕಲಿಯೋದಕ್ಕೆ ಬಂದವರಿಗೆ. ನೀನು ವಿಚಾರಣೆಗೆ ಬಂದವಳು."

"ಕಲ್ತೀನಲ್ಲಾ ಬುದ್ಧಿ. ಇಗೋ ಕುಬ್ಸ."

"ಚೆನ್ನಾಗಿದೆ. ಆದರೆ ಕಲಿಸುತ್ತಿಲ್ಲ ಅಂತ ಇಪ್ಪತ್ತೆರಡು ಸಲ ಹೆಬ್ಬೆಟ್ಟು ಒತ್ತಿದೀಯ. ಈಗ ಕಲಿತೆ ಅಂತ ಹೇಳಿದರೆ ಸರ್ಕಾರ ಯಾವುದನ್ನು ನಂಬಬೇಕು?"

ಸರ್ಟಿಫಿಕೇಟುಗಳನ್ನು ಎಲೆ ಅಡಿಕೆಯ ಐವರಿಗೆ ಹಂಚಲಾಯಿತು, ಅವರ ಹಾಜರಿ ನಿಷ್ಕಳಂಕವಾಗಿತ್ತು. ಪುಟ್ಟಮಾದಮ್ಮ ಮನೆಗೆ ಹೋದಳು. ಮುಂದಿನ ಗುರುವಾರ ಬರಲಿಲ್ಲ. ಅವಳಿಗೆ ಹೊಲಿಗೆ ಬರುತ್ತಿತ್ತು. ಮಿಷನ್ನು ಇರಲಿಲ್ಲ. ಹೊಲಿಗೆಯೇ ಬರದೇ ಇದ್ದಾಗಿನ ಸಂಕಟಕ್ಕಿಂತ ಇದು ಹೆಚ್ಚು ಉರಿಯುತ್ತಿತ್ತು.

ಐವರು ಸದಸ್ಯೆಯರು ಸರ್ಟಿಫಿಕೇಟು ಬಂದ ಹುರುಪಿನಲ್ಲಿ ಮೊದಲ ಬಾರಿಗೆ ಹೊಲಿಯಲು ಕೂತರು. ಯಂತ್ರದ ಚಕ್ರ ತಿರುಗಲಿಲ್ಲ. ಇಪ್ಪತ್ತೆರಡು ಗುರುವಾರದ ಅರಿಸಿನದ ನೀರು, ಇಪ್ಪತ್ತೆರಡು ಗುರುವಾರದ ಗಂಜಲ ಕುಡಿದು ಅದು ಒಳಗೆಲ್ಲ ತುಕ್ಕು ಹಿಡಿದಿತ್ತು. ಇಷ್ಟು ದಿನ ಇದು ಯಾರಿಗೂ ತಿಳಿದಿರಲಿಲ್ಲ. ಪುಟ್ಟಮಾದಮ್ಮ ಪ್ರತಿ ಗುರುವಾರ ಬೆಳಿಗ್ಗೆ ಜೀಪಿಗಿಂತ ಒಂದು ಗಂಟೆ ಮೊದಲೇ ಬಂದು ಬಿಚ್ಚಿ, ಹರಳೆಣ್ಣೆ ಬಿಟ್ಟು, ಉಜ್ಜಿ ನಡೆಸಿಕೊಳ್ಳುತ್ತಿದ್ದಳು.

ಸುಂದ್ರಮ್ಮನವರು ಒದ್ದರು. ಚಕ್ರ ಅಲುಗಲಿಲ್ಲ.

"ಆ ಮಾದಿ ಕೂತ್ರೆ ಗುಯ್ಯ್ ಅಂತ ತಿರುಗ್ತಿತ್ತು. ನಾವು ಕೂತ್ರೆ ಯಾಕೆ ತಿರುಗಾಕಿಲ್ಲ?" ಎಂದು ಸುಂದ್ರಮ್ಮ ಕೇಳಿದರು.

"ಶುದ್ಧಿ ಮಾಡಿ ಮಾಡಿ ಹಿಂಗಾಗಿದೆ ಅಕ್ಕಾರೆ," ಎಂದರು ಶಿವರುದ್ರಮ್ಮ.

"ಶುದ್ಧಿ ಮಾಡಿದ್ರೆ ಯಾವ್ದಾದ್ರೂ ಕೆಡ್ತದಾ? ಇದು ಜಾತಿ ನೋಡಿ ತಿರುಗ್ತಾ ಅದೆ. ಅವಳಿಗೊಂದು, ನಮಗೊಂದು. ಬರೀರಿ ದೂರು."

ಶಿವರುದ್ರಮ್ಮ ಬರೆದರು. ಅವರಿಗೆ ಅಭ್ಯಾಸವಾಗಿತ್ತು.

ಮೂರು ವಾರದಿಂದ ಖಾಲಿ ಕೂತಿದ್ದ ಷಣ್ಮುಖಪ್ಪನವರು ಏಳು ದಿನ ಕಾಯಲಿಲ್ಲ, ಮೂರು ದಿನದ ಸೂಚನೆಯನ್ನೂ ಕೊಡಲಿಲ್ಲ, ಮರುದಿನವೇ ಬಂದರು. ಐವರನ್ನೂ ಒಬ್ಬೊಬ್ಬರಾಗಿ ಯಂತ್ರದ ಮುಂದೆ ಕೂರಿಸಿದರು. ತಿರುಗಲಿಲ್ಲ. ಪುಟ್ಟಮಾದಮ್ಮನನ್ನು ಕರೆಸಿದರು. ಅವಳು ಸೆರಗಿನ ಗಂಟಿನಿಂದ ಎಣ್ಣೆಯ ಕುಡಿಕೆ ತೆಗೆದು, ಎಂದಿನಂತೆ ಬಿಚ್ಚಿ, ಉಜ್ಜಿ, ಕಾಲಿಟ್ಟಳು. ತಿರುಗಿತು.

ಅಧಿಕಾರಿಯು ಕಣ್ಣಾರೆ ಕಂಡದ್ದನ್ನು ಮಾತ್ರ ನಂಬತಕ್ಕದ್ದು. ಎಣ್ಣೆ ಕೂಡ ಕಣ್ಣಿಗೆ ಬಿದ್ದಿತ್ತು, ಆದರೆ ದೂರು ಎಣ್ಣೆಯ ಬಗ್ಗೆ ಇರಲಿಲ್ಲ. ಷಣ್ಮುಖಪ್ಪನವರು ಪೆನ್ನು ಬಿಚ್ಚಿದರು. ನಾಲ್ಕು ತಾಲ್ಲೂಕುಗಳ ಇತಿಹಾಸದಲ್ಲಿ ಮೊದಲ ಬಾರಿಗೆ ಒಂದು ದೂರು ನಿಜವಾಗಿತ್ತು.

"ಸದರಿ ಹೊಲಿಗೆ ಯಂತ್ರವು ಒಂದು ಜಾತಿಯ ಹೆಂಗಸಿಗೆ ತಿರುಗಿ, ಉಳಿದ ಜಾತಿಯ ಹೆಂಗಸರಿಗೆ ತಿರುಗದೆ ತಾರತಮ್ಯ ಎಸಗಿರುವುದು ರುಜುವಾತಾಗಿದೆ. ಸಾರ್ವಜನಿಕ ಅನುದಾನದ ಸಂಸ್ಥೆಯಲ್ಲಿ ತಾರತಮ್ಯ ಎಸಗುವವರು ಮುಂದುವರಿಯತಕ್ಕದ್ದಲ್ಲ. ಯಂತ್ರವನ್ನು ಈ ಕೂಡಲೇ ಸಂಸ್ಥೆಯಿಂದ ಹೊರಹಾಕಿ, ಅದರಿಂದ ಯಾರಿಗೂ ತಾರತಮ್ಯವಾಗದ ಸ್ಥಳದಲ್ಲಿ ಇಡತಕ್ಕದ್ದು."

ಅಂಥ ಸ್ಥಳ ಯಾವುದೆಂದು ಮಹಜರು ನಡೆಯಿತು. ಎಲ್ಲರಿಗೂ ಯಂತ್ರ ಸಮನಾಗಿ ತಿರುಗುವುದು ಕೇರಿಯಲ್ಲಿ ಮಾತ್ರವೆಂದು ತೀರ್ಮಾನವಾಯಿತು, ಅಲ್ಲಿ ಅದನ್ನು ಶುದ್ಧಿ ಮಾಡುವವರು ಯಾರೂ ಇರಲಿಲ್ಲ. ಹೊರಲು ಯಾರೂ ಮುಂದೆ ಬರದಿದ್ದುದರಿಂದ ಚಿಕ್ಕಮಾದು ಎಡಗೈಯಲ್ಲಿ ತಬ್ಬಿ, ಬಲಗೈಯ ಎರಡು ಬೆರಳು ಆನಿಸಿ, ಶಿಕ್ಷೆಗೊಳಗಾದ ಯಂತ್ರವನ್ನು ಹೊತ್ತುಕೊಂಡು ಮನೆಗೆ ನಡೆದ.

"ಸಲ್ಟಿಪಿಕೇಟು ಇಲ್ದೆ ಇಕ್ಕೋಬೋದಾ ಇದ್ನ?" ಎಂದು ದಾರಿಯಲ್ಲಿ ಕೇಳಿದ.

"ಅದು ಜೈಲಿಗೆ ಬಂದಿರೋದು ಕಣ. ಜೈಲಿನವರಿಗೆ ಯಾತರ ಸಲ್ಟಿಪಿಕೇಟು," ಎಂದಳು ಪುಟ್ಟಮಾದಮ್ಮ.

ಮಹಿಳಾ ಸಮಾಜ ಮೊದಲಿನಂತೆಯೇ ನಡೆಯಿತು. ಐವರು ಬೆಂಚಿನಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡರು. ಯಂತ್ರವಿಲ್ಲದ ಹೊಲಿಗೆ ತರಗತಿಗೂ ಅನುದಾನ ಬಂತು, ಹರಿಜನ ಸದಸ್ಯೆಯ ಹೆಸರು ರಿಜಿಸ್ಟರಿನಲ್ಲಿ ಆರನೆಯದಾಗಿ ಉಳಿದಿತ್ತು. ಷಣ್ಮುಖಪ್ಪನವರಿಗೆ ಬಡ್ತಿಯಾಗಿ ಎರಡನೇ ಜೀಪು ಬಂತು.

ಗೌರಿ ಹಬ್ಬ ಹತ್ತಿರವಾದಾಗ ಸುಂದ್ರಮ್ಮನವರಿಗೆ ಹೊಸ ರವಿಕೆ ಬೇಕಾಯಿತು. ಭೇರ್ಯದ ದರ್ಜಿಯ ಬಳಿ ಹಬ್ಬದ ನೂಕುನುಗ್ಗಲು. ಅವರು ಕೇರಿಯ ಅಂಚಿನ ಹೊಂಗೆ ಮರದವರೆಗೆ ಬಂದು, ಬಟ್ಟೆಯನ್ನು ಕಲ್ಲಿನ ಮೇಲಿಟ್ಟು, ಹಿಂದೆ ಸರಿದು ಕೂಗಿದರು. ಹೊಲಿದ ಬಟ್ಟೆಗೆ ಆಮೇಲೆ ಅರಿಸಿನದ ನೀರು ಚಿಮುಕಿಸಿದರಾಯಿತು, ಬಟ್ಟೆಗೆ ತುಕ್ಕು ಹಿಡಿಯುವುದಿಲ್ಲ.

ಪುಟ್ಟಮಾದಮ್ಮ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದಳು. "ಅಳ್ತೆ ತಕ್ಕೊಳ್ಲಾ ಅವ್ವಾರೆ?"

"ಮುಟ್ಟಬ್ಯಾಡ ಕಣೇ. ಅಲ್ಲಿಂದ್ಲೇ ನೋಡ್ಕೊ."

ಪುಟ್ಟಮಾದಮ್ಮ ರಸ್ತೆಯಾಚೆ ನಿಂತು ನೋಡಿದಳು. ಅವಳ ಕಣ್ಣು ಚುರುಕು, ಅರ್ಧ ಬೆರಳು ತಪ್ಪುತ್ತಿರಲಿಲ್ಲ. ಮನೆಗೆ ಹೋಗಿ ಆ ಅಳತೆಗೆ ಸರಿಯಾಗಿ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಆಮೇಲೆ ಎರಡೂ ಕಡೆ ನಾಲ್ಕು ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿಸಿದಳು.

ಸುಂದ್ರಮ್ಮನವರ ಹಿಂದೆಯೇ ಉಳಿದವರೂ ಹೊಂಗೆ ಮರದ ಕೆಳಗೆ ಬಟ್ಟೆ ಇಟ್ಟುಹೋದರು. ಆ ವರ್ಷ ಅರಳಿಕೊಪ್ಪಲಿನ ಮೇಲುಕೇರಿಯ ಹೆಂಗಸರೆಲ್ಲ ಇಬ್ಬರು ಹಿಡಿಯುವಂಥ ರವಿಕೆ ತೊಟ್ಟು ಬಾಗಿನ ಕೊಟ್ಟರು. ಪಟೇಲರ ಹೆಂಡತಿಯೇ ಹಾಗೆ ತೊಟ್ಟ ಮೇಲೆ ಅದೇ ಈಗಿನ ಪದ್ಧತಿಯಿರಬೇಕೆಂದು ಎಲ್ಲರೂ ಒಪ್ಪಿದರು. ಕೇರಿಯ ಹೆಂಗಸರು ಮೈಗೆ ಸರಿಯಾದ ಕುಬುಸ ತೊಟ್ಟು ಕಳೆ ಕೀಳಲು ಹೋದರು. ಅರಳಿಕೊಪ್ಪಲಿನಿಂದ ಹುಣಸೂರಿಗೆ ಹೋದ ಆ ತಿಂಗಳ ವರದಿಯಲ್ಲಿ, ದೂರುಗಳು ಎಂಬ ಕಲಮಿನ ಮುಂದೆ, ಶಿವರುದ್ರಮ್ಮನವರ ಅಂದವಾದ ಅಕ್ಷರದಲ್ಲಿ 'ಇಲ್ಲ' ಎಂದಿತ್ತು.