ಮೇಲಿನ ಮೆಟ್ಟಿಲಿನ ಅಪಾಯ

ಆ ವರ್ಷದ ಮಾರ್ಚ್ ಹದಿನೇಳರಂದು, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ದೇಶದಲ್ಲಿ ಅಭಿವೃದ್ಧಿ ಕಂಡುಬಂತು.

ಕಂಡವನು ಅಭಿವೃದ್ಧಿ ಇಲಾಖೆಯ ಅಳತೆ ಸಹಾಯಕ. ಭೌತಶಾಸ್ತ್ರದಲ್ಲಿ ಪದವಿ ಪಡೆದು ಕೆಲಸಕ್ಕೆ ಸೇರಿದವನು, ಇನ್ನೂ ಕಾಯಂ ಆಗಿರಲಿಲ್ಲ. ಬೀದಿ ಬೀದಿ ಸುತ್ತಿ, ಎಲ್ಲಿಯಾದರೂ ಅಭಿವೃದ್ಧಿ ಆಗಿದೆಯೇ ಎಂದು ನೋಡಿ, ನಮೂನೆ ಒಂಬತ್ತರಲ್ಲಿ ದಾಖಲಿಸುವುದು ಅವನ ಕರ್ತವ್ಯ. ಅಲ್ಲಿಯವರೆಗೆ ಮುನ್ನೂರ ನಲವತ್ತು ಬೀದಿಗಳನ್ನು ನೋಡಿದ್ದ. ಎಲ್ಲ ಕಡೆಗೂ 'ಪ್ರಗತಿಯಲ್ಲಿದೆ' ಎಂದು ದಾಖಲಿಸಿದ್ದ. ಬರೆದು ಕೈ ನೋಯಬಾರದೆಂದು ಇಲಾಖೆ ಅದಕ್ಕೊಂದು ಮೊಹರು ಮಾಡಿಸಿಕೊಟ್ಟಿತ್ತು.

ಮುನ್ನೂರ ನಲವತ್ತೊಂದನೆಯ ಬೀದಿಯಲ್ಲಿ ಅವನ ಸ್ವಂತ ಅಕ್ಕನ ಶೆಡ್ಡು ಇತ್ತು. ಅಕ್ಕ ಬಿದಿರಿನ ಏಣಿ ಮಾಡುತ್ತಿದ್ದಳು. ಎರಡು ಉದ್ದ ಗಳಗಳು, ನಡುವೆ ಒಂದೊಂದು ಅಡಿಗೆ ಒಂದರಂತೆ ಹನ್ನೆರಡು ಮೆಟ್ಟಿಲು, ಪ್ರತಿ ಮೆಟ್ಟಿಲಿಗೂ ಎರಡೂ ಕಡೆ ಹುರಿಯ ಕಟ್ಟು. ಆ ಕಟ್ಟು ಹಾಕುವುದರಲ್ಲಿ ಅಕ್ಕನ ಅತ್ತೆಯನ್ನು ಮೀರಿಸುವವರು ಇರಲಿಲ್ಲ. ಎರಡು ವರ್ಷದ ಹಿಂದೆ ಇಬ್ಬರೇ ಕೂತು ವಾರಕ್ಕೊಂದು ಏಣಿ ಮಾಡುತ್ತಿದ್ದವರು ಈಗ ನೆರೆಯ ಮೂವರನ್ನು ಸೇರಿಸಿಕೊಂಡು ಹದಿನೆಂಟು ಮಾಡುತ್ತಿದ್ದರು. ಬಣ್ಣ ಬಳಿಯುವವರು, ಕರೆಂಟು ಕಂಬದವರು, ಬೋರ್ಡ್ ಬರೆಯುವವರು ಸರದಿ ನಿಂತು ಒಯ್ಯುತ್ತಿದ್ದರು.

"ಏನೋ ವಿಜ್ಞಾನಿ, ಊಟಕ್ಕೆ ಬಂದ್ಯಾ?" ಅಕ್ಕ ತಲೆ ಎತ್ತದೆ ಕೇಳಿದಳು.

"ಅಳತೆಗೆ."

"ಅಳೆ, ಅಳೆ. ಯಾವುದನ್ನೂ ಮುರೀಬೇಡ ಅಷ್ಟೇ."

"ಸುಮ್ನಿರೇ," ಎಂದರು ಅತ್ತೆ. "ಪಾಪ, ಅವನಿಗೂ ಸಾಯಂಕಾಲದವರೆಗೆ ಹೊತ್ತು ಹೋಗ್ಬೇಕಲ್ಲ."

ಅವನು ಪ್ರತಿಯೊಂದನ್ನೂ ಮೂರು ಸಲ ಅಳೆದು ಸರಾಸರಿ ತೆಗೆದ. ಸಂಶಯವೇ ಇರಲಿಲ್ಲ. ಅಕ್ಕನ ಬಗ್ಗೆ ಹೆಮ್ಮೆಯೂ, ತನ್ನ ಟೇಪಿನ ಬಗ್ಗೆ ಅದಕ್ಕಿಂತ ಸ್ವಲ್ಪ ಹೆಚ್ಚು ಹೆಮ್ಮೆಯೂ ಆಯಿತು. ನಮೂನೆ ಒಂಬತ್ತರಲ್ಲಿ 'ಅಭಿವೃದ್ಧಿ: ಆಗಿದೆ' ಎಂದು ಬರೆದ. ಕೊನೆಯ ಅಂಕಣದಲ್ಲಿ 'ಇದರಲ್ಲಿ ಸರ್ಕಾರದ ಪಾತ್ರ' ಎಂದಿತ್ತು. ಅಕ್ಕನನ್ನು ಕೇಳಿದ. ಅವಳು ನಕ್ಕಳು. ಅವನು 'ಇಲ್ಲ' ಎಂದು ಬರೆದ.

ನಿರ್ದೇಶಕರು ನಮೂನೆಯನ್ನು ಎರಡು ಸಲ ಓದಿದರು.

"ಯಾರನ್ನ ಕೇಳಿ ಅಭಿವೃದ್ಧಿ ಆದ್ರು ಇವರು?"

"ಯಾರನ್ನೂ ಕೇಳಿಲ್ಲ, ಸರ್."

"ನೀವು ನೋಡಿದ್ದು ಖಚಿತವಾ?"

"ಮೂರು ಸಲ ಅಳೆದೆ, ಸರ್."

"ಅದೇ ತಪ್ಪಾಗಿದ್ದು. ಒಂದು ಸಲ ಅಳೆದಿದ್ರೆ ಅಳತೆ ತಪ್ಪಿರಬಹುದು ಅಂತ ಬರೀಬಹುದಿತ್ತು."

ಹಿರಿಯ ಗುಮಾಸ್ತರು ನಿಯಮ ಪುಸ್ತಕ ತೆರೆದರು. ಮೂವತ್ತು ವರ್ಷದ ಸೇವೆಯಲ್ಲಿ ಆ ಪುಟ ತೆರೆಯುವ ಸಂದರ್ಭ ಬಂದಿರಲಿಲ್ಲವಾದ್ದರಿಂದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನಿಯಮ ಹೀಗಿತ್ತು: 'ಸರ್ಕಾರದ ಪಾತ್ರವಿಲ್ಲದೆ ಸಂಭವಿಸಿದ ಅಭಿವೃದ್ಧಿಯನ್ನು ಅಪಘಾತವೆಂದು ಪರಿಗಣಿಸಿ, ಕಡತವನ್ನು ಅಪಘಾತ ಶಾಖೆಗೆ ವರ್ಗಾಯಿಸತಕ್ಕದ್ದು.'

ಕಡತ ವರ್ಗವಾಯಿತು. ಅಪಘಾತ ಶಾಖೆಯವರು ಕೆಲಸದಲ್ಲಿ ಚುರುಕು. ಯಾವ ಕಡತ ಬಂದರೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ಎಷ್ಟು ಜನ ಬಿದ್ದರು?

ಉತ್ತರ ತರಲು ಅಳತೆ ಸಹಾಯಕನನ್ನೇ ಕಳಿಸಿದರು. ಬೇರೆ ಯಾರಾದರೂ ಆಗಿದ್ದರೆ ಕುರ್ಚಿಯಲ್ಲಿ ಕೂತೇ ಒಂದು ಸಂಖ್ಯೆ ಬರೆಯುತ್ತಿದ್ದರು, ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಇವನು ವಿಜ್ಞಾನ ಓದಿದವನು. ಏಣಿ ಹತ್ತುವ ಇನ್ನೂರು ಜನರನ್ನು ಹುಡುಕಿ ವಿಚಾರಿಸಿದ. ಒಂದು ವರ್ಷದಲ್ಲಿ ಬಿದ್ದವರು ನಲವತ್ತೊಂದು. ಯಾರೂ ಕೇಳದಿದ್ದರೂ, ಎಷ್ಟನೆಯ ಮೆಟ್ಟಿಲಿನಿಂದ ಬಿದ್ದರೆಂಬುದನ್ನೂ ಕೇಳಿದ. ಇಪ್ಪತ್ತಮೂರು ಜನ ಹನ್ನೆರಡನೆಯದರಿಂದ. ಗೋಡೆಯ ತುದಿಗೆ ಕೈ ಎಟುಕಬೇಕಾದರೆ ಕೊನೆಯ ಮೆಟ್ಟಿಲಲ್ಲೇ ನಿಲ್ಲಬೇಕು; ಹೆಚ್ಚು ಹೊತ್ತು ನಿಂತಲ್ಲಿ ಹೆಚ್ಚು ಬೀಳುತ್ತಾರೆ. ಈ ಕಾರಣವನ್ನು ಅಡಿಟಿಪ್ಪಣಿಯಲ್ಲಿ ಬರೆದ. ಸಂಖ್ಯೆಗಳಿಗೆ ಮೂರು ಬಣ್ಣದ ಗ್ರಾಫ್ ಬರೆದ. ಗ್ರಾಫ್ ಬಹಳ ಚೆನ್ನಾಗಿ ಬಂದಿತ್ತು. ಅಡಿಟಿಪ್ಪಣಿಗಳನ್ನು ಟೈಪ್ ಮಾಡುವ ಪದ್ಧತಿ ಇಲಾಖೆಯಲ್ಲಿ ಇರಲಿಲ್ಲ.

ಏಪ್ರಿಲ್ ಮೊದಲ ವಾರ ಪ್ರಕಟಣೆ ಹೊರಬಿತ್ತು.

'ಅಧ್ಯಯನದಿಂದ ಸಾಬೀತಾಗಿರುವಂತೆ ಏಣಿಯ ಅತ್ಯಂತ ಮೇಲಿನ ಮೆಟ್ಟಿಲು ಅತ್ಯಂತ ಅಪಾಯಕಾರಿಯಾಗಿರುವುದರಿಂದ ಸದರಿ ಮೆಟ್ಟಿಲನ್ನು ರದ್ದುಪಡಿಸಿ ಆದೇಶಿಸಲಾಗಿದೆ. ಹದಿನೈದು ದಿನಗಳಿಗೊಮ್ಮೆ ಪರಿಸ್ಥಿತಿಯನ್ನು ಪರಿಶೀಲಿಸಿ, ಆಗ್ಗೆ ಅತ್ಯಂತ ಮೇಲಿನದೆಂದು ಕಂಡುಬರುವ ಮೆಟ್ಟಿಲಿನ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು. ಆದೇಶ ಮೀರಿದ ಕಾರ್ಖಾನೆಗಳಿಗೆ ಬೀಗ ಹಾಕಲಾಗುವುದು.'

ಆಗಲೇ ಮಾರಾಟವಾಗಿದ್ದ ಏಣಿಗಳ ಮೆಟ್ಟಿಲು ಕೊಯ್ಯಲು ಇಬ್ಬರು ಗರಗಸದವರನ್ನು ನೇಮಿಸಲಾಯಿತು. ಇದನ್ನು ಉದ್ಯೋಗ ಸೃಷ್ಟಿಯ ಅಂಕಣದಲ್ಲಿ ತೋರಿಸಲಾಯಿತು.

ಅಕ್ಕ ಆದೇಶವನ್ನು ಓದಿ, ಮಡಿಸಿ, ತಮ್ಮನ ಮುಖ ನೋಡಿದಳು.

"ಮೇಲಿಂದು ತೆಗೆದ್ರೆ ಅದರ ಕೆಳಗಿಂದೇ ಮೇಲಿಂದು ಆಗಲ್ವೇನೋ?"

"ಆಗುತ್ತೆ."

"ಅದು ನಿಮ್ಮೋರಿಗೆ ಗೊತ್ತಾ?"

"ಅಡಿಟಿಪ್ಪಣಿ ಬರೆದಿದ್ದೆ."

"ಅಯ್ಯೋ ನಿನ್ನ ಬುದ್ಧಿಗಿಷ್ಟು! ನಮ್ಮ ಅಪ್ಪ ನಿನ್ನ ಓದ್ಸೋ ಬದ್ಲು ಒಂದು ಎಮ್ಮೆ ಕಟ್ಟಿದ್ರೆ ಈ ಶೆಡ್ಡಾದ್ರೂ ಉಳೀತಿತ್ತು."

"ಎಮ್ಮೆ ಹಾಲೂ ಕೊಡ್ತಿತ್ತು," ಎಂದರು ಅತ್ತೆ, ಹನ್ನೆರಡನೆಯ ಮೆಟ್ಟಿಲಿನ ಕಟ್ಟು ಬಿಚ್ಚುತ್ತ.

ಶೆಡ್ಡಿಗೆ ಬೀಗ ಬಿದ್ದರೆ ನಾಲ್ಕು ಮನೆಗಳ ಒಲೆ ಆರುತ್ತಿತ್ತು. ಅಕ್ಕ ಹನ್ನೊಂದು ಮೆಟ್ಟಿಲಿನ ಏಣಿ ಮಾಡತೊಡಗಿದಳು. ಗಳಗಳ ಉದ್ದದ ಬಗ್ಗೆ ಆದೇಶದಲ್ಲಿ ಏನೂ ಇರಲಿಲ್ಲವಾದ್ದರಿಂದ ಅವನ್ನು ಹಾಗೇ ಬಿಟ್ಟಳು. ಹದಿನೈದು ದಿನದಲ್ಲಿ ಮೂವರು ಬಿದ್ದರು. ಮೂವರೂ ಹನ್ನೊಂದನೆಯದರಿಂದ. ಇಲಾಖೆಯಲ್ಲಿ ಅಳತೆ ಸಹಾಯಕನ ಬಗ್ಗೆ ಗೌರವ ಹೆಚ್ಚಿತು. ಹನ್ನೊಂದನೆಯದನ್ನು ರದ್ದುಪಡಿಸಲಾಯಿತು.

ಎಂಟಕ್ಕೆ ಇಳಿದಾಗ ಕರೆಂಟು ಕಂಬದವರು ಬರುವುದು ನಿಂತಿತು. ಆರಕ್ಕೆ ಬಣ್ಣ ಬಳಿಯುವವರು. ಅವರು ನಗರದಲ್ಲಿ ಗೋಡೆಗಳನ್ನು ಅರ್ಧಕ್ಕೆ ಬಳಿಯತೊಡಗಿದರು. ಮೊದಮೊದಲು ವಿಚಿತ್ರವಾಗಿ ಕಂಡರೂ ಆಮೇಲೆ ಅದೇ ಚೆಂದವೆಂದು ಜನ ಒಪ್ಪಿದರು. ನೆರೆಯ ಮೂವರೂ ಒಬ್ಬೊಬ್ಬರಾಗಿ ಕೆಲಸ ಬಿಟ್ಟರು. ಕೊನೆಯವಳು ಹೋಗುವಾಗ ತನ್ನ ಕತ್ತಿಯನ್ನು ತೊಳೆದು, ಒರೆಸಿ, ಅಕ್ಕನ ಕೈಗೇ ಕೊಟ್ಟು ಹೋದಳು.

ಆ ದಿನ ಅವನು ನಿರ್ದೇಶಕರ ಕೋಣೆಗೆ ಹೋದ.

"ಸರ್, ಎಲ್ಲಾದರೂ ಒಂದು ಕಡೆ ನಿಲ್ಲಿಸ್ಬೇಕು. ಮೇಲಿನ ಮೆಟ್ಟಿಲು ಯಾವಾಗಲೂ ಒಂದು ಇದ್ದೇ ಇರುತ್ತೆ."

"ಯಾವಾಗಲೂ ಏನಿಲ್ಲ. ಇನ್ನು ಐದೇ ಉಳಿದಿದೆ." ನಿರ್ದೇಶಕರು ಅವನನ್ನು ಕೂರಿಸಿದರು. ಒಳ್ಳೆಯ ಮನುಷ್ಯ. "ನೋಡಿ, ನೀವು ಹೇಳೋದು ನನಗೆ ಅರ್ಥ ಆಗುತ್ತೆ. ಐದನೇದನ್ನ ಉಳಿಸಿದೆ ಅಂತಿಟ್ಕೊಳ್ಳಿ. ನಾಳೆ ಒಬ್ಬ ಅದರಿಂದ ಬೀಳ್ತಾನೆ. ಉಳಿಸಿದ್ದು ಯಾರು ಅಂತ ಕಡತ ತೆಗೀತಾರೆ. ತೆಗೆದದ್ದು ಯಾರು ಅಂತ ಇಲ್ಲಿವರೆಗೆ ಯಾರಾದ್ರೂ ಕೇಳಿದ್ದಾರಾ?"

"ಇಲ್ಲ, ಸರ್."

"ನಿಮ್ಮನ್ನ ಕಾಯಂ ಮಾಡೋ ಕಡತ ಇಲ್ಲೇ ಇದೆ. ಗ್ರಾಫಿಂದಲೇ ಶಿಫಾರಸು ಆಗಿರೋದು. ಈ ಸಲ ಹಸಿರು ಬಣ್ಣ ಸ್ವಲ್ಪ ಜಾಸ್ತಿ ಹಾಕಿ."

ಅವನು ತನ್ನ ಮೇಜಿಗೆ ಬಂದು ಒಂದು ಗಂಟೆ ಯೋಚಿಸಿದ. ಪ್ರತಿಭಟನಾ ಪತ್ರದ ಕರಡನ್ನೂ ಬರೆದ. ಅದರಲ್ಲಿ ಎರಡು ಅಡಿಟಿಪ್ಪಣಿಗಳಿದ್ದವು. ಆಮೇಲೆ ಹಸಿರು ಪೆನ್ಸಿಲ್ ಕೆತ್ತಿದ.

ಆಗಸ್ಟಿನಲ್ಲಿ, ಏಣಿ ಮೂರು ಮೆಟ್ಟಿಲಿಗೆ ಬಂದಿದ್ದಾಗ, ಶ್ರೀಮಂತ ದೇಶದಿಂದ ತಜ್ಞರೊಬ್ಬರು ಬಂದರು. ಬಡ ದೇಶಗಳು ಯಾಕೆ ಬಡವಾಗಿವೆ ಎಂಬುದು ಅವರಿಗೆ ತಿಳಿದಿತ್ತು. ದೇಶದಲ್ಲಿ ಅಭಿವೃದ್ಧಿ ಆಗಿದ್ದ ಜಾಗ ಒಂದೇ ಆದ್ದರಿಂದ ಅವರನ್ನು ಅಕ್ಕನ ಶೆಡ್ಡಿಗೇ ಕರೆತರಲಾಯಿತು. ತಜ್ಞರು ಏಣಿಯನ್ನು ಮೆಚ್ಚಿ, ಫೋಟೋಗಾಗಿ ಮೂರನೆಯ ಮೆಟ್ಟಿಲಿನ ಮೇಲೆ ನಿಂತು, ಕ್ಯಾಮೆರಾದತ್ತ ಕೈ ಬೀಸಿ, ಬಿದ್ದರು. ಅಳತೆ ಸಹಾಯಕ ಅದನ್ನು ಗುರುತು ಹಾಕಿಕೊಂಡ. ಅಷ್ಟು ಹೊತ್ತಿಗೆ ಅದು ಅಭ್ಯಾಸವಾಗಿತ್ತು.

ಕಾಲಿಗೆ ಪಟ್ಟಿ ಕಟ್ಟಿಕೊಂಡೇ ತಜ್ಞರು ಸಭೆಯಲ್ಲಿ ವರದಿ ಓದಿದರು. ಆರ್ಥಿಕ ಅಭಿವೃದ್ಧಿ ಆಗಬೇಕಾದರೆ ಸರ್ಕಾರ ಹಿಂದೆ ಸರಿಯಬೇಕು ಎಂಬುದು ಸಾರಾಂಶ. ಎಲ್ಲರೂ ಚಪ್ಪಾಳೆ ತಟ್ಟಿದರು. ಸರ್ಕಾರ ಮುಂದೆ ಬರಬೇಕೆಂದು ಹನ್ನೊಂದು ವರ್ಷದ ಹಿಂದೆ ಇನ್ನೊಬ್ಬ ತಜ್ಞರು ಹೇಳಿದಾಗಲೂ ಇಷ್ಟೇ ಚಪ್ಪಾಳೆ ಬಿದ್ದಿತ್ತೆಂದು ಹಿರಿಯ ಗುಮಾಸ್ತರು ನೆನಪಿಸಿಕೊಂಡರು.

"ಖಂಡಿತ ಹಿಂದೆ ಸರಿಯುತ್ತೇವೆ," ಎಂದರು ನಿರ್ದೇಶಕರು. "ಸಿಬ್ಬಂದಿ ಎಷ್ಟು ಬೇಕಾಗಬಹುದು?"

ಇಪ್ಪತ್ತೆಂಟು ಎಂದು ನಿರ್ಧಾರವಾಯಿತು.

ಸುದ್ದಿಯನ್ನು ಅಕ್ಕನಿಗೆ ತಲುಪಿಸಿದ್ದು ಅವನೇ. ಓಡುತ್ತಲೇ ಹೋಗಿದ್ದ. "ಅಕ್ಕಾ, ಸರ್ಕಾರ ಹಿಂದೆ ಸರಿಯುತ್ತಂತೆ!" ಅಕ್ಕ ಅವನ ಬೆನ್ನಿಗೊಂದು ಗುದ್ದಿ, ಅವತ್ತೇ ಹೊಸ ಬಿದಿರು ತರಿಸಿ, ಹನ್ನೆರಡು ಮೆಟ್ಟಿಲಿಗೆ ಗುರುತು ಹಾಕಿದಳು. ಅತ್ತೆ ಹುರಿ ನೆನೆಹಾಕಿದರು.

ಸೋಮವಾರ ಬೆಳಿಗ್ಗೆ ಶೆಡ್ಡಿನ ಮುಂದೆ ಲಾರಿ ನಿಂತಿತು. ಮೇಜು, ಕುರ್ಚಿ, ಕಪಾಟುಗಳು ಇಳಿದವು. ಬಾಗಿಲ ಮೇಲೆ 'ಸರ್ಕಾರದ ಹಿಂದೆಗೆತ ಘಟಕ' ಎಂಬ ಫಲಕ ಏರಿತು. ಏಣಿ ಉಪಯೋಗಕ್ಕೆ ಬಾರದ್ದರಿಂದ ಮೇಜಿನ ಮೇಲೆ ಕುರ್ಚಿ ಇಟ್ಟು ಹತ್ತಿದರು.

"ಹಿಂದೆ ಸರಿಯೋರು ಇಲ್ಲಿಗ್ಯಾಕೆ ಬಂದ್ರಿ?" ಅಕ್ಕ ಅಡ್ಡ ನಿಂತಳು.

"ಅಮ್ಮಾ," ಎಂದರು ಹಿರಿಯ ಗುಮಾಸ್ತರು, ಬೆವರೊರೆಸಿಕೊಳ್ಳುತ್ತ. "ಎಲ್ಲಿಂದ ಹಿಂದೆ ಸರೀಬೇಕೋ ಅಲ್ಲಿಗೆ ಮೊದ್ಲು ಬರ್ಬೇಕಲ್ಲ? ನಿಮ್ಮ ತಮ್ಮನೇ ಬರೆದಿದ್ದಾರೆ, ಇಲ್ಲಿ ನಮ್ಮ ಪಾತ್ರ ಇಲ್ಲವೇ ಇಲ್ಲ ಅಂತ. ಇಲ್ಲದೇ ಇರೋ ಜಾಗದಿಂದ ಹಿಂದೆ ಸರಿದ್ರೆ ಲೆಕ್ಕಕ್ಕೆ ಬರಲ್ಲ."

ಅಕ್ಕ ತಮ್ಮನ ಕಡೆ ತಿರುಗಿದಳು. ಅವನು ತರ್ಕದಲ್ಲಿ ದೋಷ ಹುಡುಕಿದ. ಸಿಗಲಿಲ್ಲ.

ಬಿದಿರನ್ನು ಅಕ್ಕನ ಮನೆಯ ಅಂಗಳಕ್ಕೆ ಸಾಗಿಸಲಾಯಿತು. ಇಪ್ಪತ್ತೆಂಟು ಜನಕ್ಕೆ ಶೆಡ್ಡು ಸಾಲದೆ ಮೇಲೊಂದು ಮಹಡಿ ಕಟ್ಟಲಾಯಿತು: ಕೆಳಗೆ ಹದಿನಾಲ್ಕು, ಮೇಲೆ ಹದಿನಾಲ್ಕು. ಸ್ಥಳೀಯ ಕೈಗಾರಿಕೆಗೆ ಪ್ರೋತ್ಸಾಹ ಕೊಡಬೇಕೆಂದು ಮೇಲೆ ಹೋಗಲು ಮೆಟ್ಟಿಲು ಕಟ್ಟಿಸಲಿಲ್ಲ, ಸ್ಥಳೀಯ ಏಣಿಯನ್ನೇ ಬಳಸುವುದೆಂದು ಆದೇಶವಾಯಿತು. ಮಹಡಿ ಮುಗಿಯುವ ಹೊತ್ತಿಗೆ ಪರಿಶೀಲನೆಗಳೂ ಮುಗಿದಿದ್ದವು. ಏಣಿಯಲ್ಲಿ ಮೆಟ್ಟಿಲು ಉಳಿದಿರಲಿಲ್ಲ. ಎರಡು ಗಳಗಳಿದ್ದವು. ಆ ತಿಂಗಳು ನಗರದಲ್ಲಿ ಏಣಿಯಿಂದ ಒಬ್ಬರೂ ಬೀಳಲಿಲ್ಲ. ಅಕ್ಕನಿಗೆ ಸುರಕ್ಷತಾ ಪ್ರಮಾಣಪತ್ರ ಕೊಡಲಾಯಿತು. ಅಳತೆ ಸಹಾಯಕ ಕಾಯಂ ಆದ.

ಉದ್ಘಾಟನೆಯ ದಿನ ಗಳಗಳನ್ನು ಮಹಡಿಗೆ ಒರಗಿಸಿ ಎಲ್ಲರೂ ಸ್ವಲ್ಪ ಹೊತ್ತು ನೋಡಿದರು. ನಿರ್ದೇಶಕರು ಒಂದನ್ನು ಮುಟ್ಟಿ, ಗಟ್ಟಿಯಾಗಿದೆ ಎಂದರು. ಮಧ್ಯಾಹ್ನ ಸುತ್ತೋಲೆ ಬಂತು: 'ಮೇಲಿನ ಮಹಡಿಯ ಸಿಬ್ಬಂದಿ ಕಚೇರಿ ವೇಳೆಯಲ್ಲಿ ಏಣಿಯ ಬುಡದಲ್ಲಿ ಇದ್ದಲ್ಲಿ, ಅವರನ್ನು ಮೇಲಿರುವರೆಂದೇ ಭಾವಿಸತಕ್ಕದ್ದು.'

ಮೇಲಿನ ಮಹಡಿಯ ಹದಿನಾಲ್ಕರಲ್ಲಿ ಐದು ಹುದ್ದೆ ಸ್ಥಳೀಯರಿಗೆ ಮೀಸಲಾಗಿತ್ತು. ಅವನು ಅರ್ಜಿ ಹಿಡಿದು ಅಕ್ಕನ ಮನೆಗೆ ಹೋದ.

"ಏನ್ ಕೆಲಸ?"

"ಏಣಿ ಹಿಡ್ಕೊಳ್ಳೋದು. ಯಾರಾದ್ರೂ ಹತ್ತುವಾಗ."

"ಯಾರು ಹತ್ತುತಾರೆ?"

"ಯಾರೂ ಇಲ್ಲ."

ಅಕ್ಕ ಹೊರಗೆ ನೋಡಿದಳು. ಅಂಗಳದಲ್ಲಿ ಗುರುತು ಹಾಕಿದ ಬಿದಿರು ಬಿಸಿಲಿಗೆ ಸೀಳು ಬಿಟ್ಟಿತ್ತು.

"ಕಾಯಂ ಆ?"

"ಕಾಯಂ."

"ಕೂತ್ಕೊಂಡು ಹಿಡ್ಕೋಬಹುದಾ ಕೇಳು," ಎಂದರು ಅತ್ತೆ.

ನಿಯಮದಲ್ಲಿ ಅವಕಾಶವಿತ್ತು. ಅಕ್ಕ, ಅತ್ತೆ, ನೆರೆಯ ಮೂವರು, ಐದು ಜನವೂ ಸೇರಿದರು. ಅಕ್ಕ ಹತ್ತು ಗಂಟೆಗೆ ಬಂದು ಸಹಿ ಮಾಡಿ, ಎಡಗಡೆಯ ಗಳದ ಮೇಲೆ ಕೈ ಇಟ್ಟು ಕೂರುತ್ತಿದ್ದಳು. ಅಂಗೈಯ ಗಡಸು ಚರ್ಮ ಎರಡು ತಿಂಗಳಲ್ಲಿ ಮೆತ್ತಗಾಯಿತು. ತಮ್ಮನನ್ನು ವಿಜ್ಞಾನಿ ಎಂದು ಕರೆಯುವುದನ್ನು ಬಿಟ್ಟು, ಉಳಿದವರಂತೆ ಸರ್ ಎನ್ನತೊಡಗಿದಳು. ಅವನು ಬೇಡವೆಂದ. ಕಚೇರಿ ಅಂದ್ಮೇಲೆ ಕಚೇರಿ ಎಂದಳು.

ಒಮ್ಮೆ ಹಳೆಯ ಬಣ್ಣದವನೊಬ್ಬ ಬಂದು, "ಅಕ್ಕಾ, ಒಂದು ಹನ್ನೆರಡು ಮೆಟ್ಟಿಲಿಂದು ಕಟ್ಟಿಕೊಡಿ, ಯಾರಿಗೂ ಹೇಳಲ್ಲ," ಎಂದು ಬೇಡಿಕೊಂಡ.

"ಅರ್ಜಿ ಕೊಟ್ಟು ಹೋಗಪ್ಪ," ಎಂದಳು ಅಕ್ಕ. "ಮೇಲಕ್ಕೆ ಕಳಿಸ್ತೀವಿ."

ತಜ್ಞರ ದೇಶಕ್ಕೆ ಕಳಿಸುವ ವಾರ್ಷಿಕ ವರದಿಯನ್ನು ಅಳತೆ ಸಹಾಯಕನೇ ಸಿದ್ಧಪಡಿಸಿದ. ಹಾಜರಿ ಪುಸ್ತಕವನ್ನು ಮೂರು ಸಲ ಎಣಿಸಿದ. ಮಾರ್ಚ್ ಮೂವತ್ತೊಂದರಂದು ಮೇಲಿನ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದವರು ಹದಿನಾಲ್ಕು ಮಂದಿ.